ಇಳಕಲ್ ದಡಿಯ ಹೊದಿಕೆ: ಮೊಣಕಾಲಿನ ಕೆಳಗಿನ ಕೃತಕ ಕಾಲಿಗೆ

ಮೇಲೆ ಸಾಕೆಟ್ (ಉಳಿದ ಕಾಲು ಕೂರುವ ಗಟ್ಟಿ ಬಟ್ಟಲು), ನಡುವೆ 30 ಮಿ.ಮೀ. ಪೈಪು, ಕೆಳಗೆ ಪಾದ. ಈಗ ಕೊಡುವ ಕೃತಕ ಕಾಲುಗಳಲ್ಲಿ ಬಹಳಷ್ಟು ಇಷ್ಟೇ ಇರುತ್ತವೆ. ನಡೆಯುವುದಕ್ಕೆ ಇಷ್ಟು ಸಾಕು. ಆದರೆ ಸೀರೆಯ ನೆರಿಗೆ ಎತ್ತಿ ಬಸ್ಸಿನ ಮೆಟ್ಟಿಲು ಹತ್ತುವಾಗ, ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟು ಕಾಲು ತೊಳೆಯುವಾಗ, ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವಾಗ ಎಲ್ಲರ ಕಣ್ಣು ಬೀಳುವುದು ಆ ಪೈಪಿನ ಮೇಲೆಯೇ. ನಡೆಯಲು ಯಾವ ತೊಂದರೆ ಇಲ್ಲದಿದ್ದರೂ ಈ ಒಂದು ಕಾರಣಕ್ಕೆ ಜನ ಸಮಾರಂಭಗಳಿಗೆ ಹೋಗುವುದನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ಆ ಪೈಪನ್ನು ಮುಚ್ಚುವ ಹೊದಿಕೆಯನ್ನು ಅಲಂಕಾರದ ಪಟ್ಟಿಗೆ ಸೇರಿಸದೆ, ಕಾಲಿನ ಕೆಲಸದ ಒಂದು ಭಾಗವೆಂದೇ ಎಣಿಸಬೇಕು. 1960ರ ದಶಕದ ಕೊನೆಯಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ರಬ್ಬರಿನ ಪಾದ ಮಾಡಿದಾಗಲೂ ಯೋಚನೆ ಇದೇ ಆಗಿತ್ತು. ಬೂಟಿಗೆಂದೇ ರೂಪಿಸಿದ ಪಾದ ಬರಿಗಾಲಲ್ಲಿ ಓಡಾಡುವವರಿಗೆ ಒಗ್ಗುತ್ತಿರಲಿಲ್ಲ. ಬೆರಳು, ಮೈಬಣ್ಣ, ಕುಕ್ಕರುಗಾಲಲ್ಲಿ ಕೂರುವ ಸೌಕರ್ಯ ಎಲ್ಲವೂ ಒಂದೇ ಪಾದದಲ್ಲಿ ಬಂದವು.

ಇಲ್ಲಿ ಬರೆದಿರುವುದು ಒಂದು ಬಲಗಾಲಿನ ಹೊದಿಕೆಯ ಕೆಲಸ. ಮೈಬಣ್ಣದ ನಕಲು ಬೇಡ, ನೋಡಿದರೆ ಚೆಂದದ ವಸ್ತು ಅನ್ನಿಸಬೇಕು ಎಂಬುದು ಕಾಲು ಹಾಕಿಕೊಳ್ಳುವವರ ಬೇಡಿಕೆ. ಬಟ್ಟೆಯೂ ಅವರದೇ: ಹಳೆಯ ಇಳಕಲ್ ಸೀರೆಯೊಂದರ ದಡಿ ಮತ್ತು ಕಸೂತಿ ಹಾಕಿದ ಮೈಭಾಗದ ತುಂಡು. ಅದನ್ನು ರೆಸಿನ್ (ಹೊಯ್ದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಒಳಗೆ ಕೂರಿಸಿ ಗಟ್ಟಿ ಚಿಪ್ಪು ಮಾಡುವುದು ಕೆಲಸ.

ಯಾವಾಗ ಮಾಡಬೇಕು

ಮೊದಲ ಸಾಕೆಟ್‌ಗೆ ಹೊದಿಕೆ ಮಾಡಬೇಡಿ. ಶಸ್ತ್ರಚಿಕಿತ್ಸೆಯಾದ ಮೇಲೆ ತಿಂಗಳುಗಟ್ಟಲೆ ಸ್ಟಂಪ್ (ಕತ್ತರಿಸಿ ಉಳಿದ ಕಾಲು) ಕುಗ್ಗುತ್ತಲೇ ಇರುತ್ತದೆ, ಸಾಕೆಟ್ ಬದಲಾಗುತ್ತದೆ. ಸಾಕೆಟ್ ಬದಲಾದರೆ ಹೊದಿಕೆಯ ಒಳ ಅಳತೆಯೂ ಕೆಟ್ಟಿತು. ಅಲೈನ್‌ಮೆಂಟ್ (ಪಾದ, ಪೈಪು, ಸಾಕೆಟ್ ಸರಿಯಾದ ಕೋನದಲ್ಲಿ ನಿಲ್ಲುವಂತೆ ಹೊಂದಿಸುವುದು) ಮುಗಿದು, ಆ ಕಾಲಿನಲ್ಲಿ ಕೆಲವು ವಾರ ನಡೆದು, ಇನ್ನು ಸ್ಕ್ರೂ ತಿರುಗಿಸುವ ಅಗತ್ಯವಿಲ್ಲ ಎಂದು ಪ್ರಾಸ್ಥೆಟಿಸ್ಟ್ (ಕೃತಕ ಕಾಲು ಮಾಡಿ ಕೂರಿಸುವವರು) ಹೇಳಿದ ಮೇಲೆ ಅಳತೆ ಹಿಡಿಯಿರಿ. ಆಮೇಲೂ ಆ ಸ್ಕ್ರೂಗಳಿಗೆ ಕೈ ಹೋಗುವಂತಿರಬೇಕು. ಆದ್ದರಿಂದ ಹೊದಿಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುವಂತಿದ್ದರೇ ಸರಿ. ಪೈಪಿಗಾಗಲಿ ಸಾಕೆಟ್‌ಗಾಗಲಿ ತೂತು ಕೊರೆಯುವುದು ಬೇಡವೇ ಬೇಡ. ಪೈಪಿನಲ್ಲಿ ತೂತಿದ್ದ ಕಡೆಯಿಂದಲೇ ಬಿರುಕು ಶುರುವಾಗುತ್ತದೆ. ಸಾಕೆಟ್‌ನಲ್ಲಿ ತೂತಾದರೆ ಗಾಳಿ ಹೊಕ್ಕು ಹಿಡಿತ ತಪ್ಪುತ್ತದೆ.

ಅಳತೆ ಮತ್ತು ಅಚ್ಚು

ಇನ್ನೊಂದು ಕಾಲಿನ ಅಳತೆಯೇ ಆಧಾರ. ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಂತಿರುವಾಗ ನೆಲದಿಂದ 3 ಸೆಂ.ಮೀ.ಗೆ ಒಂದರಂತೆ ಸುತ್ತಳತೆ ತೆಗೆಯಬೇಕು. ಕೂತಿದ್ದಾಗ ತೆಗೆದರೆ ಮೀನಖಂಡ ಜೋಲುತ್ತದೆ, ಲೆಕ್ಕ ತಪ್ಪುತ್ತದೆ. ಈ ಕಾಲಿನಲ್ಲಿ ಬಂದ ಅಂಕಿಗಳು: 33 ಸೆಂ.ಮೀ. ಎತ್ತರದಲ್ಲಿ 34.5, 30ರಲ್ಲಿ 33.5, 27ರಲ್ಲಿ 31.5, 24ರಲ್ಲಿ 28.5, 21ರಲ್ಲಿ 26, 18ರಲ್ಲಿ 24, 15ರಲ್ಲಿ 22.5, 12ರಲ್ಲಿ 21.5.

ಸುತ್ತಳತೆ ಒಂದರಿಂದಲೇ ಆಕಾರ ಬರುವುದಿಲ್ಲ. ಡ್ರಾಯಿಂಗ್ ಹಾಳೆಯನ್ನು ಕಾಲಿನ ಹಿಂದೆ ನಿಲ್ಲಿಸಿ, ಪೆನ್ಸಿಲನ್ನು ಹಾಳೆಗೆ ನೇರವಾಗಿ ಹಿಡಿದು ಮುಂದಿನಿಂದ ಒಂದು, ಪಕ್ಕದಿಂದ ಒಂದು ಹೊರರೇಖೆ ಎಳೆದುಕೊಳ್ಳಿ. ಪಕ್ಕದ ರೇಖೆ ಎರಡು ಕಾಲಿಗೂ ಒಂದೇ. ಮುಂದಿನ ರೇಖೆಯನ್ನು ಮಾತ್ರ ಮಗುಚಬೇಕು. ಮೀನಖಂಡದ ಒಳಬದಿಯ ಉಬ್ಬು ಹೊರಬದಿಯದಕ್ಕಿಂತ ದೊಡ್ಡದು ಮತ್ತು ಸ್ವಲ್ಪ ಕೆಳಗೆ ಇಳಿದಿರುತ್ತದೆ. ಇದನ್ನು ಮಗುಚಲು ಮರೆತರೆ ಬಲಗಾಲಿಗೆ ಎಡಗಾಲಿನ ಮೀನಖಂಡ ಅಂಟಿಸಿದಂತಾಗುತ್ತದೆ. ನೋಡುವವರಿಗೆ ತಪ್ಪೇನೆಂದು ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಎಂದು ಗೊತ್ತಾಗಿಬಿಡುತ್ತದೆ. ಮೊಬೈಲ್ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಮಗುಚುವವರೂ ಸುತ್ತಳತೆ ಬರೆದಿಟ್ಟುಕೊಳ್ಳಲಿ, ಸ್ಕ್ಯಾನಿನ ಗಾತ್ರ ಸರಿಯಿದೆಯೇ ಎಂದು ನೋಡಲು ಬೇರೆ ದಾರಿ ಇಲ್ಲ.

ಮುಂದಿನ ತೊಡಕು ಸಾಕೆಟ್. ಲೈನರ್ (ಸ್ಟಂಪ್ ಮೇಲೆ ಹಾಕುವ ಮೆತ್ತನೆಯ ಒಳಚೀಲ), ಸಾಕೆಟ್‌ನ ಗೋಡೆ ಎಲ್ಲ ಸೇರಿ ಮೇಲ್ಭಾಗದಲ್ಲಿ ಅದು ಇನ್ನೊಂದು ಕಾಲಿಗಿಂತ ದಪ್ಪವೇ ಇರುತ್ತದೆ. ಅದರ ಮೇಲೆ 3 ಮಿ.ಮೀ. ಸಂದು ಬಿಟ್ಟರೆ ಸುತ್ತಳತೆಗೆ ಇನ್ನೂ 1.9 ಸೆಂ.ಮೀ. ಸೇರುತ್ತದೆ. ಇಲ್ಲಿ ನೆಲದಿಂದ 33 ಸೆಂ.ಮೀ.ನಲ್ಲಿ ಸಾಕೆಟ್‌ನ ಹೊರ ಸುತ್ತಳತೆ 32.5 ಇತ್ತು. 1.9 ಸೇರಿಸಿದರೆ 34.4, ಇನ್ನೊಂದು ಕಾಲಿಗೆ ಸರಿಸಮ. ಅದಕ್ಕಿಂತ ಮೇಲೆ ದಪ್ಪವಾಗುವುದರಿಂದ ಹೊದಿಕೆಯನ್ನು ನೆಲದಿಂದ 34 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿದ್ದಾಯಿತು. ಅದರ ಮೇಲೆ ಸಾಕೆಟನ್ನು ತೊಡೆಗೆ ಹಿಡಿದಿಡುವ ಕಪ್ಪು ಸಸ್ಪೆನ್ಷನ್ ಸ್ಲೀವ್ ಇರುವುದರಿಂದ ಸಾಕೆಟ್ ಹೇಗೂ ಕಾಣುವುದಿಲ್ಲ. ಕೆಳಗಿನ ಅಂಚು ನೆಲದಿಂದ 10 ಸೆಂ.ಮೀ. ಒಟ್ಟು ಉದ್ದ 24.

ಅಚ್ಚನ್ನು 30 ಮಿ.ಮೀ. ಹೊರವ್ಯಾಸದ ಹಳೆ ಪೈಪಿನ ತುಂಡಿನ ಮೇಲೆ ಗಟ್ಟಿ ಪಿಯು (ಪಾಲಿಯುರೆಥೇನ್) ಫೋಮ್ ಕೂರಿಸಿ, ಅರದಿಂದ ಉಜ್ಜಿ, ಟೆಂಪ್ಲೇಟ್ ಹಿಡಿದು ನೋಡುತ್ತಾ ಮಾಡಬೇಕು. ಮೇಲೆ ತೆಳುವಾಗಿ ಪ್ಲಾಸ್ಟರ್ ಬಳಿದು ಉಪ್ಪು ಕಾಗದದಲ್ಲಿ ನಯ ಮಾಡಿ. ಚಿಪ್ಪಿನ ದಪ್ಪ 2 ಮಿ.ಮೀ. ಹತ್ತಿರ ಬರುವುದರಿಂದ ಅಚ್ಚು ಅಷ್ಟು ಸಣ್ಣದಿರಬೇಕು, ಅಂದರೆ ಸುತ್ತಳತೆಯಲ್ಲಿ 1.3 ಸೆಂ.ಮೀ. ಕಡಿಮೆ. ಸಾಕೆಟ್‌ಗೆ ಬಿಟ್ಟ ಸಂದನ್ನು ಈ ದಪ್ಪ ತಿನ್ನುತ್ತದೆ. 3 ಮಿ.ಮೀ.ನಲ್ಲಿ ಉಳಿಯುವುದು 1 ಮಿ.ಮೀ. ಚಿಲ್ಲರೆ ಮಾತ್ರ, ಅದಕ್ಕಿಂತ ಕಡಿಮೆಯಾದರೆ ಉಜ್ಜುತ್ತದೆ. ಫೋಮ್ ಬದಲು ಥರ್ಮೋಕೋಲ್ ಬಳಸುವ ಆಸೆ ಬೇಡ. ಅಕ್ರಿಲಿಕ್ ರೆಸಿನ್ ಎಲ್ಲಿ ಸೋರಿತೋ ಅಲ್ಲಿ ಥರ್ಮೋಕೋಲ್ ಕರಗಿ ಗುಳಿ ಬೀಳುತ್ತದೆ.

ಬಟ್ಟೆ

ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಹೆಚ್ಚು ಕೆಡುವುದೂ ಇಲ್ಲೇ.

ಮೊದಲು ಗಂಜಿ ಹೋಗುವಂತೆ ಬಿಸಿನೀರಿನಲ್ಲಿ ಎರಡು ಸಲ ಅದ್ದಿ ತೆಗೆಯಿರಿ. ಗಂಜಿ ಉಳಿದರೆ ರೆಸಿನ್ ನೂಲಿನೊಳಗೆ ಇಳಿಯದೆ ಬಿಳಿ ಚುಕ್ಕೆಗಳು ನಿಲ್ಲುತ್ತವೆ. ನೆರಳಲ್ಲಿ ಒಣಗಿಸಿ ಇಸ್ತ್ರಿ ಮಾಡಿ, ಕೆಲಸ ಶುರುಮಾಡುವ ಮುಂಚೆ ಮತ್ತೊಮ್ಮೆ ಬಿಸಿ ಇಸ್ತ್ರಿ ಆಡಿಸಿ. ಮಳೆಗಾಲದಲ್ಲಿ ಬಟ್ಟೆ ಗಾಳಿಯ ತೇವ ಹೀರಿರುತ್ತದೆ, ಆ ತೇವವೇ ಗುಳ್ಳೆಗಳಿಗೆ ಕಾರಣ.

ಎರಡನೆಯದು ಬಣ್ಣ. ನೀರಿಗೆ ಬಿಡದ ಬಣ್ಣ ರೆಸಿನ್‌ಗೆ ಬಿಡಬಹುದು. ಹತ್ತಿಯುಂಡೆಗೆ ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ಪುಡಿ) ಹಾಕದ ರೆಸಿನ್ ಹಚ್ಚಿ ಬಟ್ಟೆಯ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಹತ್ತಿ ಕೆಂಪಾದರೆ ಆ ದಡಿಯ ಕೆಂಪು ಪಕ್ಕದ ಬಿಳಿ ಕಸೂತಿಗೆ ಹಬ್ಬುವುದು ಖಂಡಿತ. ಅಂಥ ಬಟ್ಟೆಯಾದರೆ ಅಕ್ರಿಲಿಕ್ ಬದಲು ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಹಚ್ಚಿ ಇದೇ ಪರೀಕ್ಷೆ ಮಾಡಿ ನೋಡಬೇಕು.

ಮೂರನೆಯದನ್ನು ಎಷ್ಟೋ ಜನ ತಡವಾಗಿ ಕಲಿಯುತ್ತಾರೆ: ರೆಸಿನ್ ಕುಡಿದ ಹತ್ತಿ ಬಟ್ಟೆ ಒದ್ದೆ ಪಂಚೆಯಂತೆ ಪಾರದರ್ಶಕವಾಗುತ್ತದೆ. ಬಣ್ಣ ಕಡುವಾಗುತ್ತದೆ, ಹಿಂದಿನ ಪದರ ಇಣುಕುತ್ತದೆ. ಕಾರ್ಬನ್ ಪಟ್ಟಿ ಇದ್ದರೆ ಅದರ ಕಪ್ಪು ಗೆರೆ ನೇರವಾಗಿ ಕಾಣುತ್ತದೆ. ರೆಸಿನ್‌ಗೇ ಪಿಗ್ಮೆಂಟ್ ಕಲಸಿದರೆ ಬಟ್ಟೆಯೂ ಮುಚ್ಚಿಹೋಗುತ್ತದೆ. ಆದ್ದರಿಂದ ಒಂದೇ ಸಲ ಎರಕ ಹೊಯ್ಯದೆ ಎರಡು ಸಲ ಮಾಡಬೇಕು. ಮೊದಲ ಸಲ ಬಣ್ಣ ಕಲಸಿದ ಗಟ್ಟಿ ತಳ, ಎರಡನೇ ಸಲ ತಿಳಿ ರೆಸಿನ್‌ನಲ್ಲಿ ಬಟ್ಟೆ. ತಳದ ಬಣ್ಣ ಯಾವುದಿರಬೇಕೆಂದು 10 ಸೆಂ.ಮೀ. ಚೌಕದ ತುಂಡುಗಳಲ್ಲಿ ನೋಡಿದರೆ, ಬಿಳಿ ತಳದ ಮೇಲೆ ದಡಿಯ ಕೆಂಪು ಎದ್ದು ಬಂತು, ಬೂದು ತಳದ ಮೇಲೆ ಮಂಕಾಯಿತು, ಕಪ್ಪಿನ ಮೇಲೆ ಕಂದಾಯಿತು. ತುಂಡುಗಳನ್ನು ಕಾಲು ಹಾಕಿಕೊಳ್ಳುವವರ ಕೈಗೇ ಕೊಟ್ಟು ಬಿಸಿಲಲ್ಲೂ ಟ್ಯೂಬ್‌ಲೈಟಿನಲ್ಲೂ ಹಿಡಿದು ನೋಡಲು ಹೇಳಿ. ಆಯ್ಕೆ ಅವರದಾಗಬೇಕು.

ಕಸೂತಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಗಾವಂತಿ ಮತ್ತು ಮುರ್ಗಿ ಹೊಲಿಗೆಗಳು ಹಿಂದೆ ಮುಂದೆ ಒಂದೇ ತೆರ ಚಪ್ಪಟೆಯಾಗಿ ಕೂರುತ್ತವೆ. ಗಂಟಿರುವ ಬೇರೆ ಕಸೂತಿಯಾದರೆ ಒಂದೊಂದು ಗಂಟೂ ಮೇಲ್ಮೈಯಲ್ಲಿ ಮೊಡವೆಯಂತೆ ಏಳುತ್ತದೆ. ಮೆಂತಿ ಹೊಲಿಗೆಯಲ್ಲಿ ಮಾತ್ರ ನೂಲು ದಟ್ಟ, ರೆಸಿನ್ ಒಳಗಿಳಿಯಲು ಹೆಚ್ಚು ಹೊತ್ತು ಬೇಕು.

ದಡಿಯನ್ನು ಕಾಲಿನ ಸುತ್ತ ಬಳೆಯಂತೆ ಸುತ್ತುವ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ನೋಡಿ: ದಡಿಯ ಅಗಲ 6 ಸೆಂ.ಮೀ. ಅದನ್ನು 30ರಿಂದ 24 ಸೆಂ.ಮೀ. ಎತ್ತರದ ನಡುವೆ ಸುತ್ತಿದರೆ ಮೇಲಂಚಿಗೆ 33.5 ಸೆಂ.ಮೀ. ಬಟ್ಟೆ ಬೇಕು, ಕೆಳಂಚಿಗೆ 28.5 ಸಾಕು. ಮಿಕ್ಕ 5 ಸೆಂ.ಮೀ. ನೆರಿಗೆಯಾಗಿ ನಿಲ್ಲುತ್ತದೆ, ಎಷ್ಟು ಎಳೆದರೂ ಹೋಗುವುದಿಲ್ಲ. ಅದಕ್ಕೆ ದಡಿಯನ್ನು ಮೇಲಿಂದ ಕೆಳಕ್ಕೆ, ಮೊಣಕಾಲ ಕೆಳಗಿನ ಮೂಳೆಯ ಹೊರಬದಿಗುಂಟ ಇಳಿಸಿದ್ದಾಯಿತು. ಅಲ್ಲಿ ಕಾಲು ಹೆಚ್ಚುಕಡಿಮೆ ನೇರ. ಮಿಕ್ಕ ಮೈಬಟ್ಟೆಯನ್ನು ಓರೆಯಾಗಿ, ನೂಲು 45 ಡಿಗ್ರಿ ವಾಲುವಂತೆ ಕತ್ತರಿಸಬೇಕು. ಓರೆ ಬಟ್ಟೆ ಹಿಗ್ಗಿ ಉಬ್ಬಿಗೆ ಹೊಂದಿಕೊಳ್ಳುತ್ತದೆ. ಎಳೆಯುವುದು ಹೆಚ್ಚಾದರೆ ಕಸೂತಿಯ ಗೋಪುರ ವಾಲುತ್ತದೆ, ಅಷ್ಟರಲ್ಲೇ ಕೈ ಬಿಡಬೇಕು.

ಬಟ್ಟೆಯ ಜೋಡಣೆ ಎಲ್ಲಿ ಬರಬೇಕು? ಚಿಪ್ಪನ್ನು ಆಮೇಲೆ ಮುಂದಿನ ಹೋಳು, ಹಿಂದಿನ ಹೋಳು ಎಂದು ಸೀಳುವುದಿದೆ. ಆ ಸೀಳು ಬರುವ ಒಳಬದಿ ಮತ್ತು ಹೊರಬದಿಯ ಗೆರೆಗಳ ಮೇಲೆಯೇ ಬಟ್ಟೆಯ ಎರಡು ಜೋಡಣೆಗಳನ್ನೂ ತನ್ನಿ. ಬ್ಲೇಡ್ ಓಡಿದಾಗ ಜೋಡಣೆ ಅದರೊಂದಿಗೇ ಮಾಯವಾಗುತ್ತದೆ.

ಎರಕ

ಕೋಣೆಯ ಕಿಟಕಿ ತೆರೆದಿರಲಿ, ಆವಿ ಹೊರಗೆಳೆಯುವ ಫ್ಯಾನ್ ಇರಲಿ, ಮುಖಕ್ಕೆ ಸಾವಯವ ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಇರಲಿ. ಧೂಳಿನ ಬಟ್ಟೆ ಮಾಸ್ಕ್ ಅಕ್ರಿಲಿಕ್ ಆವಿಯನ್ನು ತಡೆಯುವುದಿಲ್ಲ. ಕೈಗೆ ನೈಟ್ರೈಲ್ ಗ್ಲೌಸ್, ಹತ್ತಿರ ಎಲ್ಲೂ ಬೆಂಕಿ ಬೇಡ.

ಅಚ್ಚಿನ ಮೇಲೆ ಒದ್ದೆ ಟವೆಲಿನಲ್ಲಿ ಮೆತ್ತಗಾಗಿಸಿದ ಪಿವಿಎ ಬ್ಯಾಗ್ (ರೆಸಿನ್ ಅಂಟದ, ಹಿಗ್ಗುವ ತೆಳು ಪ್ಲಾಸ್ಟಿಕ್ ಚೀಲ) ಎಳೆದು ಕಟ್ಟಿ. ಅದರ ಮೇಲೆ ಎರಡು ಪದರ ಪರ್ಲಾನ್ ಸ್ಟಾಕಿನೆಟ್ (ಕಾಲುಚೀಲದಂತೆ ಹೆಣೆದ ನೈಲಾನ್ ಬಟ್ಟೆ), ಸೀಳು ಬರುವ ಎರಡು ಗೆರೆಗಳ ಮೇಲೆ 25 ಮಿ.ಮೀ. ಅಗಲದ ಕಾರ್ಬನ್ ಪಟ್ಟಿ. ಪಟ್ಟಿ ಇಲ್ಲದಿದ್ದರೆ ಸೀಳಿದ ಅಂಚು ಕಾಲಕ್ರಮೇಣ ಹೊರಕ್ಕೆ ಬಾಗಿ ಸಂದು ಬಿಡುತ್ತದೆ. ಮೇಲೆ ಎರಡನೇ ಪಿವಿಎ ಬ್ಯಾಗ್, ಒಳಗಿನ ಗಾಳಿ ಹೀರುವ ವ್ಯಾಕ್ಯೂಮ್. ರೆಸಿನ್ 200 ಗ್ರಾಂ: ಗಟ್ಟಿ ಬಗೆಯದು 160, ಮೆತು ಬಗೆಯದು 40. ಗಟ್ಟಿ ಒಂದನ್ನೇ ಹೊಯ್ದರೆ ಮೇಜಿನ ಕಾಲಿಗೆ ಬಡಿದಾಗ ಅಂಚು ಚೂರಾಗುತ್ತದೆ. ಬಿಳಿ ಪಿಗ್ಮೆಂಟ್ 6 ಗ್ರಾಂ, ಹಾರ್ಡನರ್ ಪುಡಿ 5 ಗ್ರಾಂ, ಅಂದರೆ ಶೇ. 2.5. ಬೇಸಿಗೆಯಲ್ಲಿ ಶೇ. 2ಕ್ಕೆ ಇಳಿಸಿ, ಇಲ್ಲದಿದ್ದರೆ ರೆಸಿನ್ ಕೆಳಗೆ ತಲುಪುವ ಮೊದಲೇ ಹೆಪ್ಪುಗಟ್ಟುತ್ತದೆ. ಗಟ್ಟಿಯಾಗುವಾಗ ಚೆನ್ನಾಗಿ ಬಿಸಿಯೇರುತ್ತದೆ, ತಣ್ಣಗಾಗುವವರೆಗೆ ವ್ಯಾಕ್ಯೂಮ್ ನಿಲ್ಲಿಸಬೇಡಿ.

ತಣಿದ ಮೇಲೆ ಹೊರಗಿನ ಬ್ಯಾಗ್ ಕಿತ್ತು ಇಡೀ ಮೈಯನ್ನು 120 ನಂಬರಿನ ಉಪ್ಪು ಕಾಗದದಲ್ಲಿ ಹೊಳಪು ಹೋಗುವವರೆಗೆ ಉಜ್ಜಿ. ಹೊಳಪು ಉಳಿದ ಜಾಗದಲ್ಲಿ ಎರಡನೇ ಪದರ ಹಿಡಿಯದೆ ಮುಂದೆ ಸಿಪ್ಪೆಯಂತೆ ಏಳುತ್ತದೆ. ಧೂಳು ಒರೆಸಿ, ಸ್ಪ್ರೇ ಅಂಟನ್ನು ಮಂಜಿನಷ್ಟು ತೆಳುವಾಗಿ ಹೊಡೆದು ಮೊದಲು ದಡಿ, ಆಮೇಲೆ ಮೈಬಟ್ಟೆ ಕೂರಿಸಿ. ಅಂಟು ಹೆಚ್ಚಾದರೆ ಅಲ್ಲಿ ರೆಸಿನ್ ಹೋಗುವುದಿಲ್ಲ. ಬಟ್ಟೆಯ ಮೇಲೆ ಒಂದೇ ಪದರ ತೆಳು ನೈಲಾನ್ ಸ್ಟಾಕಿಂಗ್ ಎಳೆಯಿರಿ. ರೆಸಿನ್ ಹೀರಿದ ಮೇಲೆ ಅದು ಕಾಣುವುದೇ ಇಲ್ಲ ಎನ್ನಬಹುದು, ಆದರೆ ಆಮೇಲೆ ಉಜ್ಜುವಾಗ ಕಸೂತಿಯ ನೂಲು ಕತ್ತರಿಸದಂತೆ ಕಾಯುತ್ತದೆ. ಮತ್ತೆ ಪಿವಿಎ, ವ್ಯಾಕ್ಯೂಮ್, ಪಿಗ್ಮೆಂಟ್ ಇಲ್ಲದ ತಿಳಿ ರೆಸಿನ್ 150 ಗ್ರಾಂ.

ಈ ಹಂತದಲ್ಲಿ ಕಣ್ಣು ತೆಗೆಯುವಂತಿಲ್ಲ. ರೆಸಿನ್ ಮೇಲಿಂದ ಇಳಿಯುತ್ತಾ ಬಂದಂತೆ ಬಟ್ಟೆಯ ಮೇಲೆ ಒದ್ದೆಯ ಗೆರೆಯೊಂದು ನಿಧಾನವಾಗಿ ಕೆಳಕ್ಕೆ ಸರಿಯುತ್ತದೆ. ಅದರ ಮೇಲೆ ಕಡುಬಣ್ಣ, ಕೆಳಗೆ ಒಣ ಬಣ್ಣ. ಮೈಬಟ್ಟೆಯಲ್ಲಿ ಗೆರೆ ಸಲೀಸಾಗಿ ಇಳಿಯಿತು. ದಡಿಯ ಜರಿ ಎಳೆಗಳ ಹತ್ತಿರ ಬಂದಾಗ ಎರಡೂ ಪಕ್ಕ ಮುಂದೆ ಹೋಗಿ ಜರಿಯ ಕೆಳಗೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಉಳಿದವು. ಜರಿಯ ಎಳೆ ರೆಸಿನ್ ಹೀರುವುದಿಲ್ಲ, ಹತ್ತಿಯಷ್ಟು ಬಾಗುವುದೂ ಇಲ್ಲ, ಅದರ ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ದಪ್ಪ ದಾರವನ್ನು ಬ್ಯಾಗಿನ ಸುತ್ತ ಸುತ್ತಿ ಮೇಲಿಂದ ಕೆಳಕ್ಕೆ ಜಾರಿಸುತ್ತಾ ರೆಸಿನ್ ತಳ್ಳಿದಾಗ ಹೆಚ್ಚಿನ ಗುಳ್ಳೆಗಳು ಹೋದವು. ಉಳಿದ ನಾಲ್ಕಾರನ್ನು ಗಟ್ಟಿಯಾದ ಮೇಲೆ 0.8 ಮಿ.ಮೀ. ಬಿಟ್‌ನಿಂದ ಚುಚ್ಚಿ, ಸಿರಿಂಜಿನಲ್ಲಿ ತಿಳಿ ಎಪಾಕ್ಸಿ ತುಂಬಬೇಕಾಯಿತು. ಮುಂದಿನ ಸಲಕ್ಕೆ ಸುಲಭ ದಾರಿ ಇದೆ: ಬಟ್ಟೆ ಅಂಟಿಸುವ ಮುಂಚೆಯೇ ಜರಿಯ ಪಟ್ಟಿಯ ಹಿಂಬದಿಗೆ ಬ್ರಷ್‌ನಿಂದ ತಿಳಿ ರೆಸಿನ್ ತೆಳುವಾಗಿ ಹಚ್ಚಿ ಒಣಗಿಸಿಕೊಳ್ಳುವುದು.

ಸೀಳುವುದು, ಕೂರಿಸುವುದು

ಸೀಳಲು 1 ಮಿ.ಮೀ. ಕಟಿಂಗ್ ಡಿಸ್ಕ್ ಸಾಕು. ಬಟ್ಟೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗೆರೆ ಎಳೆದು ಕತ್ತರಿಸಿದರೆ ಅಂಚಿನ ನೂಲು ಕೆದರುವುದಿಲ್ಲ. ಕಾರ್ಬನ್ ಧೂಳು ಚರ್ಮಕ್ಕೆ ನವೆ ತರುತ್ತದೆ, ಉದ್ದ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ, ಧೂಳಿನ ಮಾಸ್ಕ್ ಹಾಕಿಕೊಳ್ಳಿ. ಎಲ್ಲ ಅಂಚುಗಳನ್ನೂ ಗುಂಡಗೆ ಉಜ್ಜಿ ತಿಳಿ ರೆಸಿನ್ ಸವರಿ. ಮೇಲಂಚಿನ ಮೇಲೆ ವಿಶೇಷ ಗಮನ ಬೇಕು. ಅದು ಸ್ಲೀವ್‌ಗೆ ತಾಗಿ ಕೊಯ್ದರೆ ಗಾಳಿ ನುಗ್ಗಿ ಇಡೀ ಕಾಲೇ ಸಡಿಲವಾಗುತ್ತದೆ. ಸ್ಲೀವ್‌ಗೂ ಹೊದಿಕೆಗೂ 10 ಮಿ.ಮೀ. ಅಂತರ ಬಿಡಿ.

ಹಿಂಬದಿಯ ಮೇಲಂಚನ್ನು ಮುಂಬದಿಗಿಂತ 15 ಮಿ.ಮೀ. ತಗ್ಗಿಸಿದ್ದಾಯಿತು. ಕುಕ್ಕರುಗಾಲಲ್ಲಿ ಕೂತಾಗ ತೊಡೆಯ ಹಿಂಭಾಗ ಮೀನಖಂಡವನ್ನು ಒತ್ತುತ್ತದೆ, ಗಟ್ಟಿ ಅಂಚು ಅಲ್ಲಿದ್ದರೆ ನೋವು. ಹೊದಿಕೆ ಕೂರಿಸಿ ಕುರ್ಚಿ, ಚಕ್ಕಳಮಕ್ಕಳ, ಕುಕ್ಕರುಗಾಲು ಮೂರರಲ್ಲೂ ಕೂತು ನೋಡುವವರೆಗೆ ಅಂಚನ್ನು ಕೊನೆಯದೆಂದು ಒಪ್ಪಬೇಡಿ. ಕೆಳಗಡೆ ಪಾದದ ಮೇಲಂಚಿಗೂ ಹೊದಿಕೆಗೂ ಮುಂದೆ ಹಿಂದೆ 12 ಮಿ.ಮೀ. ಸಂದು ಬೇಕು. ಹಿಮ್ಮಡಿ ಊರಿದಾಗ ಹಿಂದಿನ ಸಂದು ಮುಚ್ಚುತ್ತದೆ, ಮುಂಗಾಲಿನ ಮೇಲೆ ಭಾರ ಬಿದ್ದಾಗ ಮುಂದಿನದು.

ಪೈಪಿಗೆ ಒಳಗೆ ರಬ್ಬರ್ ಇರುವ 30 ಮಿ.ಮೀ. ಕ್ಲ್ಯಾಂಪ್ ಒಂದು, ಅದರ ಮೇಲೆ ಇವಿಎ (ಚಪ್ಪಲಿ ಅಟ್ಟೆಯಂಥ ಫೋಮ್) ತುಂಡು. ಹೊದಿಕೆ ಕೆಳಗೆ ಜಾರದಂತೆ, ತಿರುಗದಂತೆ ಹಿಡಿಯುವುದು ಇದೇ. ಇವಿಎ ತುಂಡನ್ನು ದುಂಡಗೆ ಮಾಡದೆ ಒಂದು ಪಕ್ಕ ಚಪ್ಪಟೆ ಮಾಡಿ, ಚಿಪ್ಪಿನ ಒಳಗೂ ಅದಕ್ಕೆ ಹೊಂದುವ ಚಪ್ಪಟೆ ದಿಂಬು ಅಂಟಿಸಿ. ಮೇಲೆ ಸಾಕೆಟ್‌ಗೆ ತಾಗುವ ಕಡೆ ಸಂದಿಗೆ ತಕ್ಕ ತೆಳು ಇವಿಎ ಮೂರು ತುಂಡು. ಎರಡು ಹೋಳುಗಳನ್ನು ಸೇರಿಸಲು ಪ್ರತಿ ಬದಿಗೆ ಮೂರರಂತೆ 15 × 3 ಮಿ.ಮೀ. ಮ್ಯಾಗ್ನೆಟ್, ಎಪಾಕ್ಸಿಯಲ್ಲಿ ಪೂರ್ತಿ ಮುಚ್ಚಬೇಕು. ಬಿಟ್ಟರೆ ಕಾಲು ತೊಳೆದ ನೀರಿಗೇ ತುಕ್ಕು ಹಿಡಿಯುತ್ತದೆ. ಅಂಟಿಸುವ ಮುಂಚೆ ಯಾವ ಮುಖ ಯಾವುದಕ್ಕೆ ಎಂದು ಮಾರ್ಕರಿನಿಂದ ಗುರುತು ಹಾಕಿ. ಒಂದು ತಿರುಗುಮುರುಗಾದರೂ ಹೋಳುಗಳು ಒಂದನ್ನೊಂದು ದೂರ ತಳ್ಳುತ್ತವೆ.

ಮುಗಿದಾಗ ಚಿಪ್ಪು 151 ಗ್ರಾಂ, ಕ್ಲ್ಯಾಂಪ್, ಮ್ಯಾಗ್ನೆಟ್, ಇವಿಎ ಸೇರಿ 212 ಗ್ರಾಂ ತೂಗಿತು. 300 ದಾಟಿದರೆ ಮತ್ತೆ ಮಾಡಿ ಎನ್ನುತ್ತೇವೆ. ಈ ಭಾರವೆಲ್ಲ ಕಾಲಿನ ತುದಿಗೆ ಹತ್ತಿರ ಇರುವುದರಿಂದ ಹೆಜ್ಜೆ ಬೀಸುವಾಗಲೆಲ್ಲ ಸಾಕೆಟ್ ಅನ್ನು ಕೆಳಕ್ಕೆ ಜಗ್ಗುತ್ತದೆ.

ಮೊದಲ ನಡಿಗೆಯಲ್ಲಿ ಎರಡು ದೋಷ ಕಂಡವು. ಪ್ರತಿ ಹೆಜ್ಜೆಗೂ ಕಿರ್ ಕಿರ್ ಸದ್ದು. ಮೇಲಿನ ಇವಿಎ ಸಾಕೆಟ್‌ನ ನುಣುಪಿನ ಮೇಲೆ ಉಜ್ಜುತ್ತಿತ್ತು, ಅದರ ಮೇಲೆ ಉಣ್ಣೆಯ ಫೆಲ್ಟ್ ಅಂಟಿಸಿದ ಮೇಲೆ ನಿಂತಿತು. ಇನ್ನೊಂದು, ಬೆಂಚಿನ ಕಾಲಿಗೆ ತಗುಲಿದರೆ ಖಾಲಿ ಡಬ್ಬಿ ಬಡಿದಂಥ ಶಬ್ದ. ನಾಲ್ಕು ಜನರ ನಡುವೆ ಆ ಶಬ್ದವೇ ಮುಜುಗರ ತರುತ್ತದೆ, ನೋಟದಷ್ಟೇ ಇದೂ ಮುಖ್ಯ. ಪೈಪಿನ ಎದುರಿಗೆ ಬರುವ ಒಳಮೈಗೆ 3 ಮಿ.ಮೀ. ಇವಿಎ ಹಾಳೆ ಅಂಟಿಸಿದಾಗ ಮಂದವಾಯಿತು, ಭಾರ 24 ಗ್ರಾಂ ಹೆಚ್ಚಿತು.

ಮೈಬಣ್ಣವೇ ಬೇಕೆಂದರೆ

ಅದೂ ಅಷ್ಟೇ ಸರಿಯಾದ ಆಯ್ಕೆ, ಅದರಿಂದ ಯಾರನ್ನೂ ತಿರುಗಿಸಲು ಹೋಗಬೇಡಿ. ಆದರೆ ಸಿದ್ಧ ಸ್ಟಾಕಿಂಗುಗಳ ಬಣ್ಣ ನಮ್ಮ ಮೈಬಣ್ಣಗಳಿಗೆ ಸಾಮಾನ್ಯವಾಗಿ ಕಿತ್ತಳೆಯಾಗಿ ಕಾಣುತ್ತದೆ. ಸಿಲಿಕೋನ್ ಹೊದಿಕೆಯಲ್ಲಿ ಬಣ್ಣವನ್ನು ಒಂದೇ ಸಲ ಕಲಸದೆ ತೆಳು ಪದರಗಳಲ್ಲಿ ಕಟ್ಟಬೇಕು. ಹೊಂದಿಸುವುದು ಮುಖ ನೋಡಿಯಲ್ಲ, ಇನ್ನೊಂದು ಕಾಲು ನೋಡಿ. ಹಿಮ್ಮಡಿ ಮತ್ತು ಬೆರಳ ಗೆಣ್ಣು ಹೆಚ್ಚು ಕಪ್ಪು, ಮೀನಖಂಡ ತಿಳಿ. ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಬೇರೆಯಾಗುವುದರಿಂದ ಹಗಲ ಬೆಳಕಿನಲ್ಲೇ ಕೊನೆಯ ತೀರ್ಮಾನ ಮಾಡಿ. ಪ್ಲಾಟಿನಂ ಬಗೆಯ ಸಿಲಿಕೋನ್ ಬಳಸುವಾಗ ಲೇಟೆಕ್ಸ್ ಗ್ಲೌಸ್ ಮುಟ್ಟಿದ ಜಾಗ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ, ಅದರಲ್ಲಿರುವ ಗಂಧಕ ಕಾರಣ. ಕಾಲುಂಗುರ, ಗೆಜ್ಜೆ ಹಾಕುವವರಿಗೆ ಬೆರಳುಗಳ ನಡುವೆ ಸಂದಿರುವ ಪಾದವನ್ನೇ ಮೊದಲು ಆರಿಸಬೇಕು, ಆಮೇಲೆ ಮಾಡಲು ಬರುವುದಿಲ್ಲ.

ಕೊಟ್ಟ ಮೇಲೆ

ಎರಡು ವಾರಕ್ಕೆ ಒಮ್ಮೆ ಕರೆಸಿ ಕ್ಲ್ಯಾಂಪಿನ ಸ್ಕ್ರೂ, ಸ್ಲೀವ್‌ನ ಕೆಳಂಚು, ಫೆಲ್ಟ್ ಸವೆದಿದೆಯೇ ನೋಡಿ. ಕೊಡುವಾಗ ಹೇಳಬೇಕಾದದ್ದು: ಸಾಬೂನು ನೀರು ಸಾಕು, ಉಗುರುಬಣ್ಣ ತೆಗೆಯುವ ದ್ರವ ತಾಗಿಸಬೇಡಿ, ಅದರಲ್ಲಿ ಅಸಿಟೋನ್ ಇದ್ದರೆ ಮೇಲ್ಮೈ ಮಬ್ಬಾಗುತ್ತದೆ. ರಾತ್ರಿ ಬಿಚ್ಚಿದಾಗ ಕಿಟಕಿಯ ಬಿಸಿಲಿಗೆ ಇಡಬೇಡಿ, ದಡಿಯ ಕೆಂಪು ಮಾಸುತ್ತದೆ. ಉಳಿದ ಬಟ್ಟೆಯ ತುಂಡನ್ನು ಹೆಸರು ಬರೆದು ಅವರಿಗೇ ಕೊಡಿ. ಅಂಚು ಒಡೆದು ದುರಸ್ತಿಗೆ ಬಂದ ದಿನ ಅದೇ ಬಣ್ಣದ, ಅದೇ ವಯಸ್ಸಿನ ಬಟ್ಟೆ ಬೇರೆಲ್ಲೂ ಸಿಗುವುದಿಲ್ಲ.